ನಿಧಾನದ ಪಕ್ಷ

ಮನೆಯಿಂದ, ಮೇಲಿನ ಕೋಣೆ
ಭಾನುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಮಗಳೇ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ಇಡೀ ದಿನ ದೀಪದ ಕೆಳಗೆ ಬಗ್ಗಿ ಕೂತು ಊರವರ ಕಟ್ಟು ಹಲ್ಲಿನ ಸೆಟ್ಟುಗಳನ್ನು ಉಜ್ಜಿ ತಿದ್ದುವವಳಿಗೆ ಕುತ್ತಿಗೆ ನೋಯದೆ ಇನ್ನೇನು ನೋಯಬೇಕು ಹೇಳು. ಗೋಡೆಗೆ ಬೆನ್ನು ಆನಿಸಿ ನಿಂತು ಗದ್ದ ಒಳಕ್ಕೆ ಎಳೆದುಕೊಳ್ಳುವ ವ್ಯಾಯಾಮ ಹೇಳಿಕೊಟ್ಟಿದ್ದೆನಲ್ಲ, ಮಾಡುತ್ತಿದ್ದೀಯೋ, ಇಲ್ಲ ‘ಆಯ್ತಪ್ಪ’ ಅಂದು ಮರೆತಿದ್ದೀಯೋ? ಅಚ್ಚಿನ ಪ್ಲಾಸ್ಟರ್ ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೋ. ನನ್ನ ಮಂಡಿ ಪರವಾಗಿಲ್ಲ. ಮೆಟ್ಟಿಲು ಇಳಿಯುವಾಗ ಬೈಯುತ್ತದೆ, ಹತ್ತುವಾಗ ಕ್ಷಮಿಸುತ್ತದೆ. ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯುವುದು ರೂಢಿ. ಅಮ್ಮ ಇದ್ದಾಳೆ.

ಫೋನು ಮಾಡುವುದು ಬಿಟ್ಟು ಅಪ್ಪ ಕಾಗದ ಯಾಕೆ ಬರೆದ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ಅಮ್ಮನ ಸುದ್ದಿ ತೆಗೆದ ಕೂಡಲೇ ನಿನ್ನ ಮನೆಯ ಬಾಗಿಲನ್ನು ಯಾರೋ ಬಡಿಯುತ್ತಾರೆ, ಇಲ್ಲವೇ ಒಲೆಯ ಮೇಲೆ ಏನೋ ಉಕ್ಕುತ್ತದೆ. ಕಾಗದವಾದರೆ ನೀನು ಅರ್ಧಕ್ಕೆ ಮಡಿಸಿಟ್ಟರೂ ಇಟ್ಟ ಕಡೆ ಇರುತ್ತದೆ, ಮನಸ್ಸು ಬಂದಾಗ ಮತ್ತೆ ತೆಗೆಯಬಹುದು. ಹೇಳಲೇಬೇಕಾದ ಒಂದು ಸಂಗತಿಯಿದೆ. ಇನ್ನು ಕೆಲವು ತಿಂಗಳಲ್ಲಿ ಸತ್ತವರು ಎದ್ದು ಓಡಾಡುವ ಒಂದು ಜೋಂಬಿ ಸಿನಿಮಾ ಬರುತ್ತದೆ. ನೀನು ಅಂಥವನ್ನು ಬಿಡುವವಳಲ್ಲ, ನನಗೆ ಗೊತ್ತು. ಅದರಲ್ಲಿ ನಿನ್ನ ಅಮ್ಮ ಇದ್ದಾಳೆ. ಕತ್ತಲ ಥಿಯೇಟರಿನಲ್ಲಿ ಗುರುತಿಲ್ಲದವರ ನಡುವೆ ಕೂತಿರುವಾಗ ಅವಳ ಮುಖ ಗೋಡೆಯಷ್ಟು ದೊಡ್ಡದಾಗಿ ನಿನ್ನ ಮುಂದೆ ಬರುವ ಮೊದಲು, ಅದು ಹೇಗಾಯಿತೆಂದು ನನ್ನಿಂದಲೇ ನಿನಗೆ ತಿಳಿಯಬೇಕು.

ನನ್ನ ಹತ್ತಿರ ಹರ್ಡಲ್ಸ್ ಕಲಿಯುತ್ತಿದ್ದ ಗಿಡ್ಡ ನೆನಪಿದ್ದಾನಲ್ಲ? ಹಾರುವುದಕ್ಕಿಂತ ಅಡಿಯಲ್ಲಿ ನುಸುಳಿದರೆ ಇವನು ಬೇಗ ಗುರಿ ಮುಟ್ಟುತ್ತಾನೆ ಎಂದು ನೀನು ರೇಗಿಸುತ್ತಿದ್ದೆಯಲ್ಲ, ಅವನೇ. ಈಗ ಅವನು ಸಿನಿಮಾದಲ್ಲಿ ಫೈಟ್ ಮಾಸ್ಟರ್. ಹೋದ ತಿಂಗಳು ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ‘ಸರ್, ಸತ್ತೋರಿಗೆ ಓಟ ಕಲಿಸ್ಬೇಕಿತ್ತು, ಬರ್ತೀರಾ?’ ಎಂದ. ಬದುಕಿದ್ದವರಿಗೆ ಕಲಿಸಿಯೇ ನಾನು ಸುಸ್ತಾಗಿ ನಿವೃತ್ತನಾದವನು ಎಂದೆ. ಬಿಡಲಿಲ್ಲ. ಊರಾಚೆ ಮುಚ್ಚಿ ಬಿದ್ದಿರುವ ನೂಲಿನ ಗಿರಣಿಯಲ್ಲಿ ಶೂಟಿಂಗ್, ಮೂವತ್ತು ನಲವತ್ತು ಜನ ಓಡಬೇಕು, ಆದರೆ ಮನುಷ್ಯರು ಓಡಿದ ಹಾಗೆ ಕಾಣಬಾರದು. ‘ಇದನ್ನ ನೀವು ಬಿಟ್ರೆ ಯಾರೂ ಮಾಡೋಕಾಗಲ್ಲ’ ಎಂದ. ಹೊಗಳಿದರೆ ಉಬ್ಬುವ ಗುಣ ನನಗಿದೆ ಎಂದು ನಿನ್ನ ಅಮ್ಮ ಸುಮ್ಮನೆ ಹೇಳುತ್ತಿರಲಿಲ್ಲ. ಒಪ್ಪಿಕೊಂಡೆ.

ಅವನು ಹೋದ ಮೇಲೆ ನಮ್ಮ ಊಟದ ಮೇಜು ಕಣ್ಣಿಗೆ ಬಿತ್ತು. ಇಡೀ ಊರಿನಲ್ಲಿ ನಡೆಯುವ ಹೆಣಗಳ ವಿಷಯಕ್ಕೆ ಊಟ ಆರಲು ಬಿಟ್ಟು ಜಗಳವಾಡಿದ ಮನೆ ನಮ್ಮದೊಂದೇ ಇರಬೇಕು. ಲೈಬ್ರರಿಯ ಕೌಂಟರಿನಲ್ಲಿ ಪುಸ್ತಕಕ್ಕೆ ಸೀಲು ಹೊಡೆಯುತ್ತ, ಹಿಂದಿನ ಬೀರುವಿನ ದೆವ್ವ ಭೂತದ ಕಾದಂಬರಿಗಳನ್ನೆಲ್ಲ ಒಂದೂ ಬಿಡದೆ ಓದಿ ಮುಗಿಸಿದವಳು ನಿನ್ನ ಅಮ್ಮ. ಎದ್ದು ಬರುವ ಹೆಣ ನಿಧಾನಕ್ಕೆ ಬರಬೇಕೋ, ಓಡಿ ಬರಬೇಕೋ ಎಂಬುದು ಅವಳಿಗೆ ಸಣ್ಣ ವಿಷಯವಾಗಿರಲಿಲ್ಲ. ನಾನು ಓಟದ ಮಾಸ್ತರ, ನೀನು ಓಟದ ಹುಡುಗಿ, ನಾವಿಬ್ಬರೂ ವೇಗದ ಪಕ್ಷ. ಅವಳೊಬ್ಬಳೇ ನಿಧಾನದ ಪಕ್ಷ. ಆಮೆಯ ಹಾಗೆ ಬರುವ ಹೆಣದಿಂದ ತಪ್ಪಿಸಿಕೊಳ್ಳುವುದೂ ಒಂದು ಕಷ್ಟವೇ, ಒಂದು ಲೋಟ ಕಾಫಿ ಕುಡಿದು, ಶೂ ಲೇಸು ಕಟ್ಟಿಕೊಂಡು ಹೊರಟರೂ ಸಾಕು ಎಂದು ನಾನು ನಗುತ್ತಿದ್ದೆ. ಅವಳು ಚಮಚ ಕೆಳಗಿಟ್ಟು, ‘ಓಡಿಸ್ಕೊಂಡು ಬರೋಕೆ ಹೆಣಾನೇ ಆಗ್ಬೇಕಾ? ಬೀದಿ ನಾಯೀನೂ ಬರುತ್ತೆ. ನೀವು ಎಷ್ಟು ದೂರ ಬೇಕಾದ್ರೂ ಓಡಿ. ಒಂದು ಹೊತ್ತಲ್ಲಿ ಕೂರ್ತೀರಲ್ಲ, ಕಣ್ಣು ಎಳೆಯುತ್ತಲ್ಲ? ಅದಕ್ಕೆ ಸುಸ್ತಿಲ್ಲ, ನಿದ್ದೆ ಇಲ್ಲ, ಅವಸರಾನೂ ಇಲ್ಲ. ಬರ್ತಾ ಇರುತ್ತೆ’ ಎನ್ನುತ್ತಿದ್ದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನಮ್ಮಿಬ್ಬರ ತಲೆಗೂ ಒಂದೊಂದು ಸಲ ಮೊಟಕಿ, ಕೊನೆಗೆ ಹೇಳುತ್ತಿದ್ದ ಮಾತು ಬೇರೆಯದು. ‘ಓಡಿ ಬಂದ್ರೆ ಮುಖ ಕಾಣಲ್ಲ. ನಿಧಾನಕ್ಕೆ ಬಂದ್ರೆ ಕಾಣುತ್ತೆ. ಎದುರು ಮನೆಯೋರು, ಶಾಲೆ ಟೀಚರು, ಹೆತ್ತ ತಾಯಿ. ನಿಮಗೆ ಅವರ ಗುರುತು ಸಿಗುತ್ತೆ, ಅವರಿಗೆ ನಿಮ್ಮದು ಸಿಗಲ್ಲ. ಅದಕ್ಕಿಂತ ಹೆದರಿಕೆ ಬೇರೆ ಏನಿದೆ?’ ಆಗ ನಾವು ಮೇಜು ಬಡಿದು ನಗುತ್ತಿದ್ದೆವು.

ಮರೆವಿನ ಕಾಯಿಲೆ ಎಂದು ಡಾಕ್ಟರು ತಲೆಯ ಫೋಟೋ ತೋರಿಸಿ ಹೇಳಿದ ದಿನ, ಆಸ್ಪತ್ರೆಯ ಮೆಟ್ಟಿಲಿನ ಮೇಲೆ ನಿಂತು ಅವಳು, ‘ನೋಡಿ, ನಿಧಾನದ್ದೇ ಬಂತು’ ಎಂದಳು. ನಕ್ಕಳು ಕೂಡ. ಇದನ್ನು ನಿನಗೆ ಆಗ ಹೇಳಿರಲಿಲ್ಲ.

ಗಿರಣಿಯ ಕೆಲಸ ನನಗೆ ಹಿಡಿಸಿತು. ಯಂತ್ರಗಳೆಲ್ಲ ಹೋಗಿ ನೆಲದಲ್ಲಿ ಬೋಲ್ಟುಗಳ ತುಕ್ಕಿನ ಗುರುತು ಮಾತ್ರ ಉಳಿದಿದೆ. ಕಿಟಕಿಯ ಜಾಲರಿಗಳಲ್ಲಿ ಹತ್ತಿಯ ಎಳೆ ಇನ್ನೂ ಸಿಕ್ಕಿಕೊಂಡಿದೆ, ಗಾಳಿ ಬಂದರೆ ಅಲುಗುತ್ತದೆ. ಅಲ್ಲಿ ನನ್ನ ಹೊಸ ಶಿಷ್ಯರು: ಅಂಗಡಿ ಕೆಲಸದವರು, ಲಾರಿ ತೊಳೆಯುವವರು, ಕಾಲೇಜಿಗೆ ಚಕ್ಕರ್ ಹೊಡೆದು ಬಂದವರು. ನಾನು ಅವರ ಕೈಗಳನ್ನು ಕಿತ್ತುಕೊಂಡೆ. ನಿನಗೆ ಗೊತ್ತಲ್ಲ, ಓಟ ಇರುವುದು ಕಾಲಿನಲ್ಲಲ್ಲ, ಕೈಯಲ್ಲಿ. ಕೈ ಬೀಸದೆ, ಸೊಂಟಕ್ಕೆ ಅಂಟಿಸಿಕೊಂಡು, ತಲೆ ಅಲುಗಿಸದೆ ಪೂರ್ತಿ ವೇಗದಲ್ಲಿ ಓಡಿದರೆ ನೋಡುವವನಿಗೆ ಅದು ಮನುಷ್ಯ ಅನ್ನಿಸುವುದಿಲ್ಲ. ಮೇಲಾಗಿ ಸತ್ತವರಿಗೆ ಉಸಿರಿಲ್ಲ, ಆದ್ದರಿಂದ ಏದುಸಿರು ಕಾಣಬಾರದು. ಉಸಿರು ಕಟ್ಟಿ ಓಡುವುದನ್ನು ಕಲಿಸಿದೆ. ಕಣ್ಣಿಗೆ ಬಿಳಿ ಲೆನ್ಸ್ ಹಾಕಿದ್ದರಿಂದ ಅವರಿಗೆ ಮಂಡಿಯ ಕೆಳಗೆ ಏನೂ ಕಾಣುತ್ತಿರಲಿಲ್ಲ. ಅದಕ್ಕೆ ನೆಲವನ್ನು ಪಾದದಲ್ಲಿ ನೆನಪಿಟ್ಟುಕೊಳ್ಳಲು ದಿನಾ ಬರಿಗಾಲಲ್ಲಿ ನಡೆಸುತ್ತಿದ್ದೆ. ಅವರ ಬಾಯಿಗೆ ಕೊಟ್ಟಿದ್ದ ಕೊಳಕು ಹಲ್ಲುಗಳನ್ನು ನೀನು ನೋಡಬೇಕಿತ್ತು. ಒಂದು ಸೆಟ್ಟಾದರೂ ಸರಿಯಾಗಿ ಕೂರುತ್ತಿರಲಿಲ್ಲ, ಕೆಮ್ಮಿದರೆ ಉದುರುತ್ತಿತ್ತು.

ನಿರ್ದೇಶಕಿ ನಿನ್ನ ವಯಸ್ಸಿನವಳು. ಸಣ್ಣ ಧ್ವನಿ, ಕೂಗುವುದೇ ಇಲ್ಲ, ಅವಳು ಮಾತಾಡಿದರೆ ಎಲ್ಲರೂ ಹತ್ತಿರ ಬಂದು ಕೇಳಬೇಕು. ಓಟದ ವಿಷಯದಲ್ಲಿ ಅವಳದು ನನ್ನದೇ ಪಕ್ಷ. ‘ಈಗಿನೋರಿಗೆ ಕಾಯೋ ತಾಳ್ಮೆ ಇಲ್ಲ ಸರ್. ನಿಧಾನಕ್ಕೆ ಬಂದ್ರೆ ಅಷ್ಟರಲ್ಲಿ ಫೋನ್ ತೆಗೀತಾರೆ’ ಎಂದಿದ್ದಳು.

ಹಗಲು ಹೊತ್ತು ಅಮ್ಮನನ್ನು ನೋಡಿಕೊಳ್ಳುವ ಆಕೆ ತಂಗಿಯ ಹೆರಿಗೆಗೆಂದು ರಜೆ ಹಾಕಿದಳು. ಬೇರೆ ದಾರಿಯಿಲ್ಲದೆ ಅಮ್ಮನನ್ನೂ ಗಿರಣಿಗೆ ಕರೆದುಕೊಂಡು ಹೋದೆ. ಹೆದರಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಕೆನ್ನೆ ಹರಿದವರು, ಗಂಟಲು ಸೀಳಿದವರು, ಒಂದು ಕಣ್ಣು ಜೋತುಬಿದ್ದವರು, ಎಲ್ಲರೂ ಸಾಲಾಗಿ ಕೂತು ಊಟ ಮಾಡುತ್ತಿದ್ದರು. ಅವಳು ಒಬ್ಬೊಬ್ಬರನ್ನೇ ನೋಡಿಕೊಂಡು ಬಂದು ನನ್ನ ಕಿವಿಯಲ್ಲಿ, ‘ಇವರೆಲ್ಲ ಯಾವ ಪುಸ್ತಕದವರು?’ ಎಂದು ಕೇಳಿದಳು. ಎಷ್ಟು ತಿಂಗಳ ಮೇಲೆ ಅವಳು ಒಂದು ಪೂರ್ತಿ ವಾಕ್ಯ ಆಡಿದ್ದಳೋ. ಮಡಚುವ ಕುರ್ಚಿಯೊಂದರಲ್ಲಿ ಕಂಬಳಿ ಹೊದಿಸಿ ಕೂರಿಸಿದೆವು. ನಿರ್ದೇಶಕಿ ನಮಸ್ಕಾರ ಹೇಳಲು ಬಂದಾಗ ಅಮ್ಮ ಅವಳ ಕೈ ಹಿಡಿದು, ‘ಓಡಿಸ್ಬೇಡಮ್ಮ ಇವರನ್ನ. ಮುಖ ಕಾಣಲ್ಲ’ ಎಂದಳು. ನಿರ್ದೇಶಕಿ ಆಗಲಿ ಅಮ್ಮ ಎಂದು ನಕ್ಕು ಹೋದಳು. ನನಗೆ ಮಾತ್ರ ನಗು ಬರಲಿಲ್ಲ.

ಈಗ ಆ ದಿನದ ಸಂಗತಿ. ಬೆಳಗಿನ ಬಿಸಿಲು ಇನ್ನೂ ಏರಿರಲಿಲ್ಲ. ಗಿರಣಿಯ ದೊಡ್ಡ ಬಾಗಿಲಿನಿಂದ ಸತ್ತವರೆಲ್ಲ ಅಂಗಳಕ್ಕೆ ನುಗ್ಗಿ ಬರಬೇಕು. ಹೊಗೆ ಬಿಟ್ಟಿದ್ದರು, ಹೊಗೆ ಹರಡುವ ಫ್ಯಾನುಗಳ ಸದ್ದಿಗೆ ಪಕ್ಕದವನ ಮಾತೂ ಕೇಳುತ್ತಿರಲಿಲ್ಲ. ಮೊದಲ ಸಲ ಸರಿಯಾಗಿ ಬಂತು. ಎರಡನೇ ಸಲ, ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಬೇಕರಿ ಕೆಲಸದ ಒಬ್ಬ ಹುಡುಗಿ, ಗಿರಣಿ ನಡೆಯುತ್ತಿದ್ದಾಗ ಹತ್ತಿ ಮೂಟೆಯ ಗಾಡಿಗಳಿಗಾಗಿ ಹಾಕಿದ್ದ ಕಬ್ಬಿಣದ ಹಳಿಗೆ ಎಡವಿ ಬಿದ್ದಳು. ಆ ಗುಂಪಿನಲ್ಲಿ ಅತಿ ಚೆನ್ನಾದ ಕಾಲು ಅವಳದೇ, ಹತ್ತು ವರ್ಷ ಮೊದಲು ನನ್ನ ಕೈಗೆ ಸಿಕ್ಕಿದ್ದರೆ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಬಿದ್ದವಳು ಏಳಲಿಲ್ಲ. ಯಾರೂ ಅಲುಗಲಿಲ್ಲ. ಯಾಕೆ ಅಲುಗಬೇಕು? ಅದು ಸತ್ತವರ ಸಿನಿಮಾ, ಬೀಳುವುದು, ತೆವಳುವುದು, ಕಿರುಚುವುದು ಎಲ್ಲ ಅಲ್ಲಿ ಕೆಲಸ. ಹುಡುಗಿ ಚೆನ್ನಾಗಿ ನಟಿಸುತ್ತಿದ್ದಾಳೆ ಎಂದು ಎಲ್ಲರೂ ಅಂದುಕೊಂಡರು. ಉಳಿದವರು ಅವಳ ಪಕ್ಕದಿಂದ, ಮೇಲಿನಿಂದ ಹಾರಿ ಓಡುತ್ತಲೇ ಇದ್ದರು. ಕ್ಯಾಮೆರಾ ನಿಲ್ಲಿಸಬೇಡಿ ಎಂದು ನಿರ್ದೇಶಕಿ ಸನ್ನೆ ಮಾಡಿದಳು.

ಆಗ ಹೊಗೆಯೊಳಗಿಂದ ನಿನ್ನ ಅಮ್ಮ ಬಂದಳು.

ಕುರ್ಚಿಯಿಂದ ಯಾವಾಗ ಎದ್ದಳೋ ಯಾರೂ ನೋಡಿರಲಿಲ್ಲ. ಉದ್ದನೆಯ ಬೂದು ಗೌನು, ಕ್ಲಿಪ್ಪು ಕಿತ್ತು ಬಿಚ್ಚಿಕೊಂಡ ಬಿಳಿ ಕೂದಲು, ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಈಗ ಅವಳ ನಡಿಗೆ ಹೇಗಾಗಿದೆ ಎಂದು ನೀನು ನೋಡಿದ್ದೀಯ, ಪಾದ ಎತ್ತುವುದಿಲ್ಲ, ನೆಲಕ್ಕೆ ಉಜ್ಜಿಕೊಂಡೇ ಬರುತ್ತದೆ. ಎರಡೂ ಕೈ ಸ್ವಲ್ಪ ಮುಂದಕ್ಕೆ, ಗೋಡೆ ಸಿಗುತ್ತದೇನೋ ಎಂಬ ಹಾಗೆ. ಎದುರಿನಿಂದ ಅಷ್ಟೊಂದು ಜನ ಹಲ್ಲು ಕಿರಿದು ಓಡಿ ಬರುತ್ತಿದ್ದರು. ಅವಳು ಅವರ ಕಡೆ ನೋಡಲೇ ಇಲ್ಲ. ಪಕ್ಕಕ್ಕೆ ಸರಿಯಲೂ ಇಲ್ಲ. ಹೊಳೆಯ ನಡುವೆ ಬಂಡೆ ಇದ್ದರೆ ನೀರು ಸೀಳಿಕೊಳ್ಳುತ್ತದಲ್ಲ, ಹಾಗೆ ಅವರೇ ಸೀಳಿಕೊಂಡು ಆಚೀಚೆ ಹೋದರು. ಒಬ್ಬೊಬ್ಬರಾಗಿ ನಿಂತುಬಿಟ್ಟರು. ನನ್ನ ಪಕ್ಕದಲ್ಲಿ ಟೀವಿಯಂಥ ಪರದೆಯ ಮುಂದೆ ಕೂತಿದ್ದವರಲ್ಲಿ ಯಾರೋ ‘ಅಯ್ಯೋ’ ಎಂದರು. ನಿರ್ದೇಶಕಿ ಗಿಡ್ಡನ ತೋಳು ಹಿಡಿದುಕೊಂಡಿದ್ದಳು. ಮಗಳೇ, ನಾನು ಆಕೆಯ ಗಂಡ. ದಿನಾ ಬೆಳಗ್ಗೆ ಆ ಕೂದಲು ಬಾಚುವವನು. ನನಗೂ ಆ ಒಂದು ಕ್ಷಣ ಮೈ ಜುಂ ಎಂದಿತು. ಹೆದರಿಕೆಯಾಯಿತು. ಅವಳು ಇಷ್ಟು ವರ್ಷ ಮೇಜಿನ ಮುಂದೆ ಕೂತು ಏನು ಹೇಳುತ್ತಿದ್ದಳೆಂದು ನನ್ನ ಮೈಗೆ ಅಂದು ಗೊತ್ತಾಯಿತು.

ಅವಳು ಹುಡುಗಿಯ ಹತ್ತಿರ ಹೋದಳು. ಕೂರಲು ಅವಳಿಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತು. ಮೊದಲು ಒಂದು ಕೈ ನೆಲಕ್ಕೆ, ಆಮೇಲೆ ಒಂದು ಮಂಡಿ. ಕೂತು, ಆ ಹರಿದ ಕೆನ್ನೆಯ ಬಣ್ಣದ ರಕ್ತವನ್ನು ಗೌನಿನ ತೋಳಿನಿಂದ ಒರೆಸಿದಳು. ಒರೆಸಿದ ಕಡೆ ಚರ್ಮ ಸರಿಯಾಗಿದ್ದದ್ದು ಕಂಡು ಸಮಾಧಾನವಾದ ಹಾಗೆ ತಲೆಯಾಡಿಸಿದಳು. ‘ಎಲ್ಲಿ, ನೋಡೋಣ. ಏನೂ ಆಗಿಲ್ಲ ಪುಟ್ಟಾ. ಸ್ವಲ್ಪ ಇಲ್ಲೇ ಕೂರೋಣ, ಆಮೇಲೆ ಏಳೋಣ’ ಎಂದಳು. ಆಗ ಆ ಹುಡುಗಿ ಬಾಯಿಂದ ಹಲ್ಲು ಉಗಿದು, ‘ಅಮ್ಮಾ, ಕಾಲು’ ಎಂದು ನಿಜವಾಗಿ ಅತ್ತಳು. ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ನಾನು ಹೋಗಿ ಮುಟ್ಟಿ ನೋಡಿದೆ, ಪಾದದ ಗೆಣ್ಣು ಮುರಿದಿತ್ತು. ಸಿನಿಮಾ ಎಂದರೇನು ಎಂಬುದನ್ನು ಮರೆತವಳಿಗೆ ಮಾತ್ರ ಅದು ಸಿನಿಮಾ ಆಗಿರಲಿಲ್ಲ.

ಅವಳು ನಿನ್ನ ಹೆಸರು ಕರೆದಳು ಎಂದು ಬರೆಯಲು ನನಗೆ ಆಸೆ. ಕರೆಯಲಿಲ್ಲ. ಪುಟ್ಟಾ ಎಂದಳು. ಈಗ ಅವಳು ಎಲ್ಲರನ್ನೂ ಪುಟ್ಟಾ ಎನ್ನುತ್ತಾಳೆ, ಗ್ಯಾಸ್ ಸಿಲಿಂಡರ್ ತರುವ ಮೀಸೆಯವನನ್ನೂ. ಆದರೆ ಆ ನಡಿಗೆಯನ್ನು ನಾನು ಮೊದಲೂ ನೋಡಿದ್ದೆ. ಜಿಲ್ಲಾ ಮಟ್ಟದ ಓಟದಲ್ಲಿ ನೀನು ಎರಡನೇ ತಿರುವಿನಲ್ಲಿ ಬಿದ್ದೆಯಲ್ಲ, ಮೊಣಕಾಲು ಸಿಪ್ಪೆ ಸುಲಿದಂತಾಗಿತ್ತಲ್ಲ, ಅಂದು. ನಾನು ಈ ಕಡೆಯಿಂದ ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತಿದ್ದೆ. ಅವಳು ಆ ಕಡೆಯ ಬೇಲಿ ದಾಟಿ ಟ್ರ್ಯಾಕಿಗೆ ಇಳಿದು, ಮಾರ್ಕೆಟ್ಟಿನಿಂದ ಮನೆಗೆ ಬರುವವಳ ಹಾಗೆ ನಡೆದು ಬಂದಳು. ಓಡಿ ಬರೋಕಾಗಲ್ವಾ ನಿನಗೆ ಎಂದು ನಾನು ಆಮೇಲೆ ರೇಗಿದೆ. ‘ನಾನು ಓಡಿ ಬಂದಿದ್ರೆ ಮಗು ಹೆದರ್ತಿತ್ತು. ಬಿದ್ದ ಮಕ್ಕಳು ಮೊದಲು ನಮ್ಮ ಮುಖ ನೋಡ್ತಾರೆ, ಎಷ್ಟು ಪೆಟ್ಟಾಗಿದೆ ಅಂತ ನಮ್ಮನ್ನ ನೋಡೇ ಅವರಿಗೆ ಗೊತ್ತಾಗೋದು’ ಎಂದಿದ್ದಳು. ಅಂದು ನೀನು ಅಳಲಿಲ್ಲ. ನಿನಗೆ ನೆನಪಿದೆಯೋ ಇಲ್ಲವೋ.

ಹುಡುಗಿಯನ್ನು ಗಾಡಿ ಹತ್ತಿಸಿ ಕಳಿಸಿದ ಮೇಲೆ, ಆ ದೃಶ್ಯವನ್ನು ಪರದೆಯಲ್ಲಿ ಮತ್ತೆ ಹಾಕಿ ಎಲ್ಲರೂ ಮುಗಿಬಿದ್ದು ನೋಡಿದರು. ಚಪ್ಪಾಳೆ ತಟ್ಟಿದರು. ‘ಮೇಕಪ್ಪೇ ಇಲ್ಲದೆ ಎಂಥಾ ಭಯ!’ ಎಂದು ಒಬ್ಬ ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಪಾಪ. ಗಿಡ್ಡ ಅವನ ಬೆನ್ನಿಗೆ ಗುದ್ದಿದ. ನಾನು ಅಮ್ಮನ ಬರಿಗಾಲಿಗೆ ಅಂಟಿದ ಮಣ್ಣು ತೊಳೆಯುತ್ತ ಕೂತಿದ್ದೆ, ಕೇಳಿಸದವನ ಹಾಗೆ. ಕೋಪ ಅವನ ಮೇಲಿರಲಿಲ್ಲ. ನನ್ನ ಮೈಯೂ ಜುಂ ಎಂದಿತ್ತಲ್ಲ.

ನಾಲ್ಕಾರು ದಿನ ಕಳೆದು ನಿರ್ದೇಶಕಿ ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ತಂದು ನಮ್ಮ ಅಡುಗೆಮನೆಯಲ್ಲಿ ಕೂತಳು. ಸುತ್ತಿ ಬಳಸಿ ಮಾತಾಡುವವಳಲ್ಲ. ‘ಸರ್, ನನ್ನ ಸಿನಿಮಾದಲ್ಲಿ ಇಷ್ಟು ಭಯ ಹುಟ್ಟಿಸೋದು ಬೇರೆ ಏನೂ ಇಲ್ಲ. ಓಡೋರ ಮಧ್ಯೆ ಒಬ್ಬಳು ಮಾತ್ರ ನಡ್ಕೊಂಡು ಬರೋ ಹೆಣ. ನೀವು ಒಪ್ಪಿದ್ರೆ ಇಟ್ಕೋತೀನಿ. ಬೇಡ ಅಂದ್ರೆ ನಿಮ್ಮೆದುರೇ ಅಳಿಸ್ತೀನಿ’ ಎಂದಳು. ಅಳಿಸು ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಆದರೆ ಅದು ನನ್ನ ನಡಿಗೆಯಲ್ಲವಲ್ಲ, ನಾನು ಹೇಗೆ ಹೇಳಲಿ? ಅಮ್ಮ ಅಲ್ಲೇ ಮೇಜಿನ ಮುಂದೆ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದಳು. ಅವಳಿಗೇ ತೋರಿಸು ಎಂದೆ.

ಅವಳು ನೋಡಿದಳು. ಎಷ್ಟು ಗಂಭೀರವಾಗಿ ನೋಡಿದಳು ಎನ್ನುತ್ತೀ! ಹಿಂದೆ ಪುಸ್ತಕ ಮುಗಿಸಿ ಮುಚ್ಚಿದ ಮೇಲೆ ಹೀಗೆ ತುಟಿ ಬಿಗಿಹಿಡಿಯುತ್ತಿದ್ದಳಲ್ಲ, ಹಾಗೆ. ಪರದೆಯ ಮೇಲಿರುವುದು ತಾನೇ ಎಂದು ಅವಳಿಗೆ ಗೊತ್ತಾಗಲಿಲ್ಲ. ಚೆನ್ನಾಗಿ ನಡೀತಾಳೆ, ಅವಸರ ಇಲ್ಲ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ಈ ಹೆಂಗಸು ಸತ್ತಿಲ್ಲ’ ಎಂದಳು. ಹೇಗೆ ಹೇಳ್ತೀರಿ ಅಮ್ಮಾ ಎಂದು ನಿರ್ದೇಶಕಿ ಕೇಳಿದಳು. ‘ಹೆಣಕ್ಕೆ ಯಾರಾದ್ರೂ ಆಗುತ್ತೆ, ಎದುರು ಸಿಕ್ಕಿದೋರು. ಇವಳು ಅಷ್ಟು ಜನಾನೂ ಬಿಟ್ಟು ಆ ಮಗು ಹತ್ರಾನೇ ಹೋಗ್ತಿದಾಳಲ್ಲ’ ಎಂದಳು. ಇಷ್ಟೂ ಮಾತು ಒಂದೇ ಉಸಿರಿಗೆ ಬರಲಿಲ್ಲ, ನಡುವೆ ತಡವರಿಸಿದಳು, ಒಂದೆರಡು ಪದ ನಾನು ಹುಡುಕಿ ಕೊಟ್ಟೆ. ಆದರೆ ಮಾತು ಅವಳದೇ. ಆಮೇಲೆ ನಿರ್ದೇಶಕಿಯ ಲೋಟವನ್ನು ಅವಳ ಕಡೆ ತಳ್ಳಿ, ಟೀ ಆರ್ತಿದೆ ಪುಟ್ಟಾ ಎಂದಳು. ಮತ್ತೆ ಬಿಸ್ಕತ್ತಿಗೆ ಹೋದಳು. ಅಂದಿನಿಂದ ಇಂದಿನವರೆಗೆ ಅಷ್ಟು ಮಾತು ಇನ್ನೊಮ್ಮೆ ಆಡಿಲ್ಲ.

ನಾನು ನಿರ್ದೇಶಕಿಗೆ, ಇಟ್ಟುಕೋ, ಆದರೆ ಹೆಣವಾಗಿ ಅಲ್ಲ, ಬದುಕಿರುವವಳಾಗಿ ಎಂದೆ. ‘ಹಾಗಾದ್ರೆ ಇಡೀ ಕಥೆ ತಿರುಗುತ್ತೆ ಸರ್’ ಎಂದಳು. ತಿರುಗಲಿ ಎಂದೆ. ಮುಖ ಸಣ್ಣದು ಮಾಡಿಕೊಂಡು ಹೋದಳು. ಇದು ಇಲ್ಲಿಗೆ ಮುಗಿಯಿತು, ನಾನು ಬೇರೆಯವರ ಅನ್ನಕ್ಕೆ ಕಲ್ಲು ಹಾಕಿದೆನೇನೋ ಎಂದು ಒಂದು ವಾರ ಒದ್ದಾಡಿದೆ. ಮೊನ್ನೆ ಫೋನು ಮಾಡಿದ್ದಳು. ‘ಓಟ ಹಾಗೇ ಇರುತ್ತೆ ಸರ್, ನೀವು ಕಲಿಸಿದ್ದು ಎಲ್ಲೂ ಹೋಗಲ್ಲ. ಆದ್ರೆ ಕೊನೇಲಿ ಒಬ್ಬರು ನಡ್ಕೊಂಡು ಬರ್ತಾರೆ. ನೋಡೋರು ಇದೂ ಒಂದು ಹೆಣ ಅಂದ್ಕೋತಾರೆ. ಆಕೆ ಕೂತು ಆ ಹುಡುಗಿ ಮುಖ ಒರೆಸೋವರೆಗೂ ಹೇಳಲ್ಲ’ ಎಂದಳು. ಆ ಹುಡುಗಿಯನ್ನೂ ಬದುಕಿರುವವಳನ್ನಾಗಿ ಮಾಡಿದ್ದಾಳಂತೆ, ಹೆಣಗಳ ನಡುವೆ ಹೆಣದ ವೇಷ ಹಾಕಿ ತಪ್ಪಿಸಿಕೊಳ್ಳುತ್ತಿದ್ದವಳು. ನನಗೆ ಕಥೆ ಕಟ್ಟುವುದು ತಿಳಿಯದು, ನಿನ್ನ ಅಮ್ಮ ಕೇಳಿದ್ದರೆ ಒಪ್ಪುತ್ತಿದ್ದಳು ಎನ್ನಿಸಿತು.

ಕಳೆದ ಸಲ ನೀನು ಬಂದಾಗ ಅಮ್ಮ ನಿನ್ನನ್ನು ಯಾರೋ ಎಂದುಕೊಂಡು ಬಾಗಿಲು ಹಾಕಿಬಿಟ್ಟಳು. ಚೀಲ ಹಿಡಿದುಕೊಂಡು ನೀನು ಹೊರಗೆ ನಿಂತಿದ್ದೆ, ನಾನು ಅಂಗಡಿಯಿಂದ ಬರುವವರೆಗೂ. ಹೊರಡುವ ದಿನ ನೀನು ಲೋಟ ತೊಳೆಯುತ್ತ, ನನ್ನ ಕಡೆ ತಿರುಗದೆ, ‘ಅಮ್ಮ ಹೋಗಿ ಆಯ್ತಪ್ಪ. ಮನೇಲಿ ಓಡಾಡ್ತಿರೋದು ಅವಳ ಮೈ ಅಷ್ಟೆ’ ಎಂದೆ. ಅದು ತಪ್ಪೆಂದು ಹೇಳಲು ಈ ಕಾಗದ ಬರೆಯುತ್ತಿಲ್ಲ ಮರಿ. ಎಷ್ಟೋ ದಿನ ನನಗೂ ಹಾಗೇ ಅನ್ನಿಸುತ್ತದೆ. ಹೋದ ವಾರ ಸ್ನಾನ ಮಾಡಿಸುವಾಗ ನನ್ನ ಮುಂಗೈ ಕಚ್ಚಿದಳು. ಗುರುತು ನೋಡಿ ಗಿಡ್ಡ, ‘ಸರ್, ಜೋಂಬಿ ಕಚ್ಚಿದ್ರೆ ಕಚ್ಚಿಸ್ಕೊಂಡೋರೂ ಜೋಂಬಿ. ಇನ್ನು ನೀವೂ ಅವರಲ್ಲಿ ಒಬ್ಬರಾದ್ರಿ’ ಎಂದ. ನಕ್ಕೆವು. ಒಳಗೆ ಅವಳಿದ್ದಾಳೋ ಇಲ್ಲವೋ ಎಂಬ ಪ್ರಶ್ನೆಗೆ ಡಾಕ್ಟರ ಹತ್ತಿರ ಉತ್ತರವಿಲ್ಲ, ನನ್ನ ಹತ್ತಿರವೂ ಇಲ್ಲ. ಆ ಅಂಗಳದಲ್ಲಿ ನೋಡಿದ್ದನ್ನು ಮಾತ್ರ ನೋಡಿದ್ದೇನೆ.

ಬೇಕರಿಯ ಹುಡುಗಿ ನಿನ್ನೆ ಬಂದಿದ್ದಳು, ಕಂಕುಳಲ್ಲಿ ಊರುಗೋಲು, ಕೈಯಲ್ಲಿ ಬನ್ನಿನ ಪೊಟ್ಟಣ. ಮೂಳೆ ಸರಿಯಾಗಿ ಕೂಡುತ್ತಿದೆ, ಮತ್ತೆ ಓಡಬಹುದು. ಅಮ್ಮನ ಪಕ್ಕ ಕೂತು ಬನ್ನು ಮುರಿದು ಮುರಿದು, ಹಾಲಲ್ಲಿ ಮೆತ್ತಗೆ ನೆನೆಸಿ ತಿನ್ನಿಸಿದಳು. ಅಮ್ಮನಿಗೆ ಅವಳು ಯಾರೆಂದು ಸ್ವಲ್ಪವೂ ತಿಳಿಯಲಿಲ್ಲ. ಬೇಸರ ಮಾಡಿಕೊಳ್ಳಬೇಡಮ್ಮ, ಅವಳಿಗೆ ಗುರುತು ಸಿಗುವುದಿಲ್ಲ ಎಂದೆ. ‘ನನಗೆ ಗುರುತಿದೆಯಲ್ಲ ಸರ್’ ಎಂದು ಹೇಳಿ ಇನ್ನೊಂದು ಚೂರು ಮುರಿದಳು.

ಇನ್ನೇನು ಬರೆಯಲಿ. ಹಿತ್ತಿಲ ನಲ್ಲಿ ಸೋರುತ್ತಿದೆ, ರಿಪೇರಿಯವನು ಇವತ್ತು ನಾಳೆ ಎನ್ನುತ್ತಾನೆ. ನಿನ್ನ ಹಳೆಯ ಸ್ಪೈಕ್ ಶೂಗಳನ್ನು ಗಿಡ್ಡನ ಮಗಳಿಗೆ ಕೊಟ್ಟೆ, ನಿನ್ನನ್ನು ಕೇಳಬೇಕಿತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆ ಕೆಲಸ ಮಾಡುವ ಹಿರಿಯಾಕೆಗೆ ನನ್ನ ನಮಸ್ಕಾರ ಹೇಳು. ಎಲ್ಲಿದ್ದರೂ ತಣ್ಣಗಿರು, ಕೈಗೆ ಬಲ ಬರಲಿ, ಕಣ್ಣಿಗೆ ನಿದ್ದೆ ಬರಲಿ. ಅಮ್ಮನ ಕೈ ಹಿಡಿದು ಈ ಕಾಗದದ ಮೇಲೆ ಒಂದು ಗೆರೆ ಎಳೆಸಿದ್ದೇನೆ, ಅದನ್ನೇ ಅವಳ ಆಶೀರ್ವಾದ ಎಂದು ತಿಳಿ.

ನಿನ್ನ,
ಅಪ್ಪ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಶುಕ್ರವಾರ ಡಾಕ್ಟರನ್ನು ಕಂಡೆವು. ಅಮ್ಮನಿಗೆ ನುಂಗುವುದು ಕಷ್ಟವಾಗುತ್ತಿದೆ, ನೀರು ಕುಡಿದರೂ ಕೆಮ್ಮು. ಇಷ್ಟು ವರ್ಷ ನಿಧಾನಕ್ಕೆ ಆದದ್ದು ಇನ್ನು ಬೇಗ ಬೇಗ ಆಗುತ್ತದಂತೆ. ಎಷ್ಟು ಬೇಗ ಎಂದು ಕೇಳಿದೆ, ಅವರು ಮಗಳು ಎಲ್ಲಿದ್ದಾಳೆ ಎಂದು ಕೇಳಿದರು. ಸಿನಿಮಾ ಬರುವವರೆಗೆ ಕಾಯಬೇಡ. ಯಾವ ರೈಲು ಎಂದು ಒಂದು ಮಾತು ತಿಳಿಸು, ನಾವಿಬ್ಬರೂ ಸ್ಟೇಷನ್ನಿಗೆ ಬರುತ್ತೇವೆ. ಮೇಲ್ಸೇತುವೆ ಹತ್ತಿ ಇಳಿಯುವುದಕ್ಕೆ ನಮಗೆ ಹೊತ್ತು ಹಿಡಿಯುತ್ತದೆ. ನೀನು ಇಳಿದ ಕಡೆಯೇ ನಿಂತಿರು.